ಬುತ್ತಿಯ ಜೊತೆ ಹೋದ ನಾಲ್ಕು ಸಾಲು

ಕಳೆದ ವಾರ ನಾನೂ ನನ್ನ ಹೆಂಡತಿ ವಾರಿಜಳೂ ಕುಕ್ಕುಂದೂರಿನಲ್ಲಿರುವ ಕಿರಿಯ ಮಗಳು ಶಾಲಿನಿಯ ಮನೆಗೆ ಹೋಗಿದ್ದೆವು. ಮೇ ತಿಂಗಳ ಮಧ್ಯಾಹ್ನ, ಫ್ಯಾನು ತಿರುಗಿದರೂ ಬೆನ್ನು ಒದ್ದೆ. ಅಷ್ಟರಲ್ಲಿ ಅಡುಗೆಮನೆಯಿಂದ ಹಲಸಿನ ಹಪ್ಪಳ ಕಾಯಿಸುವ ಪರಿಮಳ ಬಂತು. ತೆಂಗಿನೆಣ್ಣೆ, ಒಣಮೆಣಸು, ಅದರ ಹಿಂದೆ ಬೇಯಿಸಿದ ಹಲಸಿನ ಸೊಳೆಯದ್ದೇ ಆದ ಒಂದು ಮಂದ ವಾಸನೆ. ನನ್ನ ಅಂಗಿಯ ಕಿಸೆಯಲ್ಲಿ ಒಂದು ಚೀಟಿ ಇತ್ತು. ಕಾಪುವಿನ ಡಾಕ್ಟರರು ಬರೆದುಕೊಟ್ಟದ್ದು. ಸೋಮವಾರ ಮಣಿಪಾಲಕ್ಕೆ ಹೋಗಿ ಹೊಟ್ಟೆಯ ಪರೀಕ್ಷೆ ಮಾಡಿಸಿಕೊಳ್ಳಬೇಕು, ತಡ ಮಾಡಬಾರದು ಎಂದು. ನಾಲ್ಕು ದಿನದಿಂದ ಅದನ್ನು ಯಾರಿಗೂ ತೋರಿಸದೆ ಒಂದು ಅಂಗಿಯಿಂದ ಇನ್ನೊಂದು ಅಂಗಿಗೆ ದಾಟಿಸುತ್ತಿದ್ದೆ. ಪೆನ್ಶನ್ನಿನ ಕೆಲಸ ಉಂಟು ಎಂದು ಹೇಳಿ ಒಬ್ಬನೇ ಹೋಗಿ ಬರುವುದು ನನ್ನ ಯೋಜನೆಯಾಗಿತ್ತು. ಆದರೆ ಆ ಪರಿಮಳ ನನ್ನನ್ನು ಎಪ್ಪತ್ತೊಂಬತ್ತರ ಬೇಸಗೆಗೆ ಎಳೆದುಕೊಂಡು ಹೋಯಿತು. ಆ ವರ್ಷವೂ ನಾನು ಸುಳ್ಳು ಹೇಳಿದ್ದೆ, ಮಣಿಪಾಲದಲ್ಲಿ ಮಲಗಿದ್ದ ವಾರಿಜಳಿಗೆ.

ಆಗ ನಾನು ಕಾಪುವಿನ ಹೈಸ್ಕೂಲಿನಲ್ಲಿ ಗಣಿತದ ಮಾಸ್ಟ್ರು. ಮನೆ ಸಮುದ್ರಕ್ಕೆ ಹತ್ತು ನಿಮಿಷದ ದಾರಿ. ಸುಮತಿಗೆ ಹತ್ತು ವರ್ಷ, ಮಾಧವನಿಗೆ ಏಳು. ಮಾಧವನ ನಂತರ ವಾರಿಜಳಿಗೆ ಎರಡು ಸಲ ಗರ್ಭ ಉಳಿದಿರಲಿಲ್ಲ. ಮೂರನೆಯ ಸಲ ಬಸುರಿಯಾದಾಗ ಏಪ್ರಿಲಿನ ಮೊದಲ ವಾರದಲ್ಲೇ ಮಣಿಪಾಲದ ಆಸ್ಪತ್ರೆಯಲ್ಲಿ ಮಲಗಿಸಿಕೊಂಡರು. ಹೆರಿಗೆಯವರೆಗೆ ಹಾಸಿಗೆಯಿಂದ ಏಳಬಾರದು, ಮನಸ್ಸಿಗೆ ಆಯಾಸ ಕೊಡಬಾರದು ಎಂದರು. ಜೊತೆಗೆ ಇರಲು ಅವಳ ಅಕ್ಕ ಸರಸಕ್ಕ ಬಂದರು. ಮಕ್ಕಳನ್ನು ವಾರ್ಡಿನ ಒಳಗೆ ಬಿಡುವ ಕ್ರಮ ಇರಲಿಲ್ಲ. ಹಾಗಾಗಿ ಆ ಬೇಸಗೆ ರಜೆ ಪೂರ್ತಿ ಇಬ್ಬರು ಮಕ್ಕಳು, ಒಂದು ಬಾವಿ, ಒಂದು ಒಲೆ, ಮೂರು ಹಲಸಿನ ಮರ ನನ್ನ ಪಾಲಿಗೆ ಬಂದವು.

ವಾರಿಜಳಿಗೆ ಆಸ್ಪತ್ರೆಯ ಊಟ ಸೇರುತ್ತಿರಲಿಲ್ಲ. ಮನೆಯಿಂದ ದಿನಾ ಬುತ್ತಿ ಕಳಿಸಬೇಕಾಯಿತು. ನಮ್ಮ ಕಡೆ ಇದಕ್ಕೆ ಬಸ್ಸುಗಳೇ ಗತಿ. ಕಾಪುವಿನಿಂದ ಉಡುಪಿ ದಾಟಿ ಮಣಿಪಾಲಕ್ಕೆ ಹೋಗುವ ಬೆಳಗ್ಗಿನ ಬಸ್ಸಿನ ಕಂಡಕ್ಟರ್ ಸಂಜೀವ. ಅವನ ಬಸ್ಸಿನ ಎದುರಿನ ಸೀಟಿನ ಕೆಳಗೆ ಯಾರದೋ ಮಗನ ಊಟ, ಯಾರದೋ ಆಫೀಸಿನ ಫೈಲು, ಯಾರದೋ ಮದುವೆಯ ಹೂವು ಇರುತ್ತಿತ್ತು. ಅವುಗಳ ಜೊತೆ ನಮ್ಮ ಟಿಫಿನ್ ಕ್ಯಾರಿಯರೂ ಸೇರಿತು. ಮಣಿಪಾಲದ ಸ್ಟಾಪಿನಲ್ಲಿ ಸರಸಕ್ಕ ನಿಂತಿರುತ್ತಿದ್ದರು. ಮರಳುವ ಟ್ರಿಪ್ಪಿನಲ್ಲಿ ಹಿಂದಿನ ದಿನದ ಖಾಲಿ ಕ್ಯಾರಿಯರ್ ನನಗೆ ಮುಟ್ಟುತ್ತಿತ್ತು.

ಮೊದಲ ವಾರ ಬುತ್ತಿಯ ಜೊತೆ ನಾನು ಪತ್ರ ಇಡುತ್ತಿದ್ದೆ. ಭಾನುವಾರ ನೋಡಲು ಹೋದಾಗ ವಾರಿಜ ಅವನ್ನು ತಲೆದಿಂಬಿನ ಅಡಿಯಿಂದ ತೆಗೆದು ನನ್ನ ಕೈಗೇ ಕೊಟ್ಟಳು.

"ಇದೆಂತ, ಸರ್ಕಾರದ ಸುತ್ತೋಲೆಯಾ? ಒಂದನೆಯದು ಹಾಲು, ಎರಡನೆಯದು ಸೀಮೆಎಣ್ಣೆ. ನನಗೆ ಇದೆಲ್ಲ ಬೇಡ. ಮಕ್ಕಳು ಇವತ್ತು ಎಂತ ಮಾಡಿದರು ಅಂತ ನಾಲ್ಕು ಸಾಲು ಬರೆಯಿರಿ. ಪದ್ಯದ ಹಾಗೆ."

"ನನಗೆ ಪದ್ಯ ಬರ್ತದಾ ಮಾರಾಯ್ತಿ?"

"ಬರದಿದ್ದರೂ ಬರೆಯಿರಿ. ಇಲ್ಲಿ ಕಿಟಕಿಯಲ್ಲಿ ಕಾಣುವುದು ಬರೀ ಕೆಂಪು ಮಣ್ಣು. ಬೇಸಗೆ ನನಗೂ ಬೇಕು."

ಮಲಗಿಯೇ ಇರುವವಳ ಮಾತನ್ನು ಹೇಗೆ ತೆಗೆದುಹಾಕುವುದು? ಮರುದಿನದಿಂದ ಶುರು ಮಾಡಿದೆ. ಮೊದಲನೆಯದು ಹೀಗಿತ್ತು:

ಇಂದು ಹಲಸಿನಕಾಯಿ ಒಂದು ಕೊಯ್ದೆವು.
ಸುಮತಿಯ ಕೂದಲಿಗೆ ಮೇಣ ಅಂಟಿತು.
ಎಣ್ಣೆ ಹಚ್ಚಿದರೂ ಬಿಡಲಿಲ್ಲ, ಸ್ವಲ್ಪ ಕತ್ತರಿಸಿದೆ.
ಉಳಿದದ್ದು ಸಾಕಷ್ಟು ಉಂಟು.

ಇದನ್ನು ಪದ್ಯ ಎಂದರೆ ಕನ್ನಡ ಪಂಡಿತರು ನನ್ನನ್ನು ಸ್ಟಾಫ್ ರೂಮಿಗೆ ಸೇರಿಸುತ್ತಿರಲಿಲ್ಲ. ಆದರೆ ಮರುದಿನದ ಖಾಲಿ ಕ್ಯಾರಿಯರಿನಲ್ಲಿ ಪೆನ್ಸಿಲಿನಲ್ಲಿ ಬರೆದ ಉತ್ತರ ಬಂತು: "ಎಷ್ಟು ಕತ್ತರಿಸಿದಿರಿ? ಅಳತೆ ತಿಳಿಸಿ." ಒಂದು ಗೇಣು ಎಂದು ಒಪ್ಪಿಕೊಂಡೆ. ಅಳುವ ಸುಮತಿಗೆ ಅಮ್ಮನ ಸಾಲು ಓದಿ ಹೇಳಿದಾಗ ಅವಳಿಗೂ ನಗು ಬಂತು.

ಹಾಗೆ ದಿನಕ್ಕೊಂದು ಹೋಯಿತು. ಮಟ್ಟುವಿನಿಂದ ಗುಳ್ಳಬದನೆ ತಂದು ಕೊದ್ದೆಲ್ ಹುಳಿ ಮಾಡಿದ್ದು, ಅದರಲ್ಲಿ ನಾನೂ ಸುಮತಿಯೂ ಪ್ರತ್ಯೇಕವಾಗಿ ಉಪ್ಪು ಹಾಕಿದ್ದು, ಬಾವಿಯ ನೀರು ಕೊಡಪಾನದ ಕುತ್ತಿಗೆ ಮುಳುಗದಷ್ಟು ಇಳಿದದ್ದು, ಮಾಧವ ಗೇರುಹಣ್ಣಿನ ಕಲೆ ಮಾಡಿಕೊಂಡ ಅಂಗಿಯನ್ನು ಅಕ್ಕಿ ಡಬ್ಬದ ಹಿಂದೆ ಅಡಗಿಸಿದ್ದು. ಸಂಜೆ ಸಮುದ್ರಕ್ಕೆ ಹೋದ ದಿನ ಇದನ್ನು ಬರೆದೆ:

ಮಾಧವ ಅಲೆಗಳನ್ನು ಎಣಿಸುತ್ತೇನೆ ಎಂದ.
ಅರುವತ್ತಕ್ಕೆ ಬರುವಾಗ ಅಕ್ಕನ ಜೊತೆ ಜಗಳ.
ಒಂದು ಅಲೆಯ ಮೇಲೆ ಇನ್ನೊಂದು ಬಿದ್ದರೆ
ಅದು ಒಂದೋ, ಎರಡೋ?

ಉತ್ತರ ಒಂದೇ ಶಬ್ದದಲ್ಲಿತ್ತು: "ಎರಡು." ಮಾಧವ ಅಂಗಳದಲ್ಲಿ ಕುಣಿದ. ಗಣಿತದ ಮಾಸ್ಟ್ರು ಒಂದು ಎಂದು ತೀರ್ಪು ಕೊಟ್ಟಾಗಿತ್ತು, ಮೇಲ್ಮನವಿಯಲ್ಲಿ ಅಮ್ಮ ಅದನ್ನು ತಿರುಗಿಸಿದ್ದಳು.

ಈಗ ಯೋಚಿಸಿದರೆ ನನಗೆ ನಾಚಿಕೆಯಾಗುತ್ತದೆ, ಅಲ್ಲಿಯವರೆಗೆ ನಾನು ನನ್ನ ಮಕ್ಕಳನ್ನು ಸರಿಯಾಗಿ ನೋಡಿಯೇ ಇರಲಿಲ್ಲ. ಬೇರೆಯವರ ನಲ್ವತ್ತು ಮಕ್ಕಳ ಮಾರ್ಕು ಬಾಯಿಪಾಠ ಇತ್ತು. ಸುಮತಿ ಊಟ ಮಾಡುವಾಗ ಮೊದಲು ಉಪ್ಪಿನಕಾಯಿ ಮುಗಿಸುತ್ತಾಳೆ, ಮಾಧವ ನಿದ್ದೆ ಬರುವ ಮೊದಲು ಕಿವಿ ಹಿಡಿದುಕೊಳ್ಳುತ್ತಾನೆ ಎಂಬುದು ಸಂಜೆಯ ಹೊತ್ತಿಗೆ ನಾಲ್ಕು ಸಾಲು ಬೇಕು ಎಂಬ ಕಷ್ಟದಿಂದ ಗೊತ್ತಾದದ್ದು. ಆ ಏಪ್ರಿಲಿನಷ್ಟು ಸುಖದ ತಿಂಗಳು ನನ್ನ ಆಯುಷ್ಯದಲ್ಲಿ ಇನ್ನೊಂದಿಲ್ಲ.

ಮೇ ತಿಂಗಳಿನಲ್ಲಿ ಹಪ್ಪಳದ ಕೆಲಸ ಬಂತು. ಮಳೆಗಾಲಕ್ಕೆ ಹಲಸಿನ ಹಪ್ಪಳ ಇಲ್ಲದ ಮನೆ ಮನೆಯೇ ಅಲ್ಲ ಎನ್ನುವವಳು ವಾರಿಜ. ಅವಳು ಇಲ್ಲದಿದ್ದರೂ ಮಾಡಿ ತೋರಿಸುವ ಎಂದು ನಾವು ಮೂವರೂ ಹಟ ಹಿಡಿದೆವು. ಕಾಯಿ ಬಲಿತಿರಬೇಕು, ಹಣ್ಣಿನ ಕಡೆ ತಿರುಗಿರಬಾರದು. ಅದನ್ನು ಬೆರಳಲ್ಲಿ ತಟ್ಟಿ ಸದ್ದಿನಲ್ಲೇ ಹೇಳುವುದು ವಾರಿಜಳ ವಿದ್ಯೆ. ನಾನೂ ಹಾಗೆಯೇ ತಟ್ಟಿದೆ, ತಲೆ ಆಡಿಸಿದೆ, ಕೊಯ್ದೆ. ಸೊಳೆ ಬೇಯಿಸಿ, ಮೆಣಸು ಉಪ್ಪು ಹಾಕಿ ಗುದ್ದಿ, ಉಂಡೆ ಕಟ್ಟಿ, ಎಣ್ಣೆ ಸವರಿದ ಎರಡು ಬಾಳೆಲೆಯ ನಡುವೆ ಇಟ್ಟು ಮಣೆಯಿಂದ ಒತ್ತಿ, ಅಂಗಳದ ಚಾಪೆಯಲ್ಲಿ ಹರವಿದೆವು. ಕಾಯಿ ಹಣ್ಣಿಗೆ ತಿರುಗಿಯಾಗಿತ್ತು. ಎರಡು ಬಿಸಿಲು ಕಂಡರೂ ಹಪ್ಪಳ ಒಣಗಲಿಲ್ಲ, ಚಾಪೆಯನ್ನು ಬಿಡಲಿಲ್ಲ. ಎಳೆದು ತೆಗೆದದ್ದರ ಮೇಲೆ ಚಾಪೆಯ ಗೆರೆ ಅಚ್ಚಾಗಿತ್ತು.

ಎರಡನೆಯ ಕಾಯಿಯ ಹಪ್ಪಳ ಸರಿಯಾಯಿತು. ಅವತ್ತು ಮಾಧವನನ್ನು ಕಾಗೆ ಓಡಿಸಲು ಅಂಗಳದಲ್ಲಿ ಕೂರಿಸಿ, ಸುಮತಿಗೆ ಪಾತ್ರೆ ತೊಳೆಯಲು ಹೇಳಿ, ನಾನು ಜಗಲಿಯಲ್ಲಿ ಕಾಗದ ಹಿಡಿದು ಕೂತೆ. ಮೂರು ಸಾಲು ಆಗಿತ್ತು. ನಾಲ್ಕನೆಯದು ಬರುತ್ತಿರಲಿಲ್ಲ.

"ಅಪ್ಪ, ಇಲ್ಲಿ ನೋಡಿ," ಎಂದು ಮಾಧವ ಕರೆದ.

"ತಡಿ, ಒಂದು ಸಾಲು ಉಂಟು," ಎಂದೆ.

ಇನ್ನೊಮ್ಮೆ ಕರೆದ. ನಾನು ತಲೆ ಎತ್ತಲಿಲ್ಲ. ಆಮೇಲೆ ಕೊಂಬೆ ಮುರಿದ ಸದ್ದು ಕೇಳಿತು. ಅಂಗಳದ ಬದಿಯ ಗೇರುಮರದಿಂದ ಬಿದ್ದಿದ್ದ. ಎಡಗೈ ಮೊಣಕೈಯ ಹತ್ತಿರ ಬೇರೆಯೇ ದಿಕ್ಕಿಗೆ ತಿರುಗಿತ್ತು. ಅವನು ಅಳಲೂ ಇಲ್ಲ, ನನ್ನ ಮುಖ ನೋಡುತ್ತಿದ್ದ.

ಉಡುಪಿಗೆ ಕರೆದುಕೊಂಡು ಹೋಗಿ ಪ್ಲಾಸ್ಟರ್ ಹಾಕಿಸಿದೆ. ಮೂಳೆ ಮುರಿದಿದೆ, ಆರು ವಾರ ಬೇಕು ಎಂದರು ಡಾಕ್ಟರರು. ಹೊರಗೆ ಬಸ್ ಸ್ಟ್ಯಾಂಡಿಗೆ ಬಂದರೆ ಸಂಜೀವನ ಬಸ್ಸು ಮಣಿಪಾಲದ ಕಡೆಗೆ ಮುಖ ಮಾಡಿ ನಿಂತಿತ್ತು. ಬಾಗಿಲಿನಲ್ಲಿ ನಿಂತು "ಮಣಿಪಾಲ, ಮಣಿಪಾಲ" ಎಂದು ಕೂಗುತ್ತಿದ್ದವ ನಮ್ಮನ್ನು ಕಂಡು ಬಾಯಿ ಮುಚ್ಚಿದ.

"ಅಮ್ಮನ ಹತ್ತಿರ ಹೋಗುವ," ಎಂದ ಮಾಧವ.

ಹತ್ತು ಹದಿನೈದು ನಿಮಿಷದ ದಾರಿ. ನಾನು ನಿಂತೇ ಇದ್ದೆ. ಅವಳಿಗೆ ಆಘಾತವಾದರೆ, ಮೂರನೆಯದೂ ಹೋದರೆ ಎಂಬ ಹೆದರಿಕೆ ಇತ್ತು, ಅದು ನಿಜ. ಆದರೆ ಅದರ ಅಡಿಯಲ್ಲಿ ಇನ್ನೊಂದು ಇತ್ತು. ಮಗು ಎರಡು ಸಲ ಕರೆದಾಗ ನೀವು ಎಲ್ಲಿದ್ದಿರಿ ಎಂದು ಅವಳು ಕೇಳಿದರೆ ನಾನು ಏನು ಹೇಳುವುದು?

"ಸಂಜೀವ, ಸರಸಕ್ಕನಿಗೆ ಹೇಳಬೇಡ," ಎಂದೆ.

"ನಾನಾಗಿ ಯಾಕೆ ಹೇಳಲಿ ಮಾಸ್ಟ್ರೇ," ಎಂದ ಅವನು. ನಾವು ಕಾಪುವಿನ ಬಸ್ಸು ಹತ್ತಿದೆವು.

ಮನೆಯಲ್ಲಿ ಕಾಯುತ್ತಿದ್ದ ಸುಮತಿಗೆ ಡಾಕ್ಟರರು ಹೇಳಿದ್ದನ್ನು ತಿಳಿಸಿದೆ. ಅಮ್ಮನಿಗೆ ಗೊತ್ತಾಗಬಾರದು, ಮಾಧವ ಎಂದಿನ ಹಾಗೆ ಆಡುತ್ತಿದ್ದಾನೆ ಎಂದೇ ಬರೆಯುತ್ತೇನೆ ಎಂದೆ.

"ಅದು ಸುಳ್ಳಲ್ವಾ ಅಪ್ಪ?"

"ಪದ್ಯದಲ್ಲಿ ನಡೀತದೆ."

"ಹಾಗಾದರೆ ನಾನು ಪರೀಕ್ಷೆಯಲ್ಲಿ ಉತ್ತರ ಗೊತ್ತಿಲ್ಲದಾಗ ಪದ್ಯ ಬರೀಬಹುದಾ?"

ಅನ್ನ ಬೆಂದಿತೋ ನೋಡು ಎಂದು ಅವಳನ್ನು ಅಡುಗೆಮನೆಗೆ ಕಳಿಸಿದೆ. ಮರುದಿನದ ಬುತ್ತಿಯಲ್ಲಿ ಇದು ಹೋಯಿತು:

ಗೇರುಮರದ ತುದಿಯಲ್ಲಿ ಒಂದೇ ಕೆಂಪು ಹಣ್ಣು.
ಮಾಧವ ಕೈ ಚಾಚಿದರೆ ಗಾಳಿ ಅದನ್ನು ಅತ್ತ ಸರಿಸುತ್ತದೆ.
ನಾಳೆ, ಎನ್ನುತ್ತಾನೆ ಅವನು ಗಾಳಿಗೆ.
ನಾಳೆ, ಎನ್ನುತ್ತದೆ ಗಾಳಿಯೂ.

ಆಶ್ಚರ್ಯವೆಂದರೆ, ಸುಳ್ಳು ಶುರು ಮಾಡಿದ ಮೇಲೆ ಸಾಲುಗಳು ತಾವಾಗಿ ಬರತೊಡಗಿದವು. ನಾಲ್ಕನೆಯದಕ್ಕೆ ಕಾಯಬೇಕಾಗುತ್ತಿರಲಿಲ್ಲ. ಎದುರಿಗೆ ಮಗ ಪ್ಲಾಸ್ಟರಿನ ಒಳಗೆ ತುರಿಸುತ್ತದೆ ಎಂದು ಪೊರಕೆಯ ಹಿಡಿಕಡ್ಡಿ ತೂರಿಸುತ್ತಿದ್ದರೆ, ನನ್ನ ಕಾಗದದಲ್ಲಿ ಅವನು ಓಡುತ್ತಿದ್ದ, ಹಾರುತ್ತಿದ್ದ. ಎರಡನೆಯ ದಿನ ಬರೆದದ್ದು ನನಗೆ ಬಹಳ ಹಿಡಿಸಿತ್ತು:

ಸಮುದ್ರದ ಮರಳಿನಲ್ಲಿ ಅವನೊಂದು ಮನೆ ಕಟ್ಟಿದ,
ನಾಲ್ಕು ಕೋಣೆ, ಒಂದು ತುಳಸಿಕಟ್ಟೆ.
ಅಲೆ ಬಂದು ಅಂಗಳ ಗುಡಿಸಿ ಹೋಯಿತು.
ಬಾಗಿಲು ಮಾತ್ರ ಅಮ್ಮ ಬರುವ ದಿಕ್ಕಿಗೆ ಉಂಟು.

ನನ್ನೊಳಗೆ ಒಬ್ಬ ಕವಿ ಇದ್ದ ಎಂದು ನಂಬುವಷ್ಟು ಜಂಬ ಬಂತು. ಖಾಲಿ ಕ್ಯಾರಿಯರಿನಲ್ಲಿ ಬರುತ್ತಿದ್ದ ತಮಾಷೆಯ ಪ್ರಶ್ನೆಗಳು ನಿಂತುಹೋಗಿ ಬರೀ "ಓದಿದೆ" ಎಂದು ಬರತೊಡಗಿದಾಗಲೂ, ಅವಳಿಗೆ ಮಾತೇ ಹೊರಡದಷ್ಟು ಚಂದ ಕಂಡಿರಬೇಕು ಎಂದುಕೊಂಡೆ. ಭಾನುವಾರ ಹೋದಾಗ ಮಾತ್ರ ಅವಳು ನನ್ನ ಮುಖ ಓದಬಾರದೆಂದು ಬೆಳಕಿಗೆ ಬೆನ್ನು ಹಾಕಿ ಕೂತೆ. ಅವಳು ಮಕ್ಕಳ ವಿಷಯ ಕೇಳಲಿಲ್ಲ. ನನ್ನ ಅಂಗಿಯ ಗುಂಡಿ ತಪ್ಪಿ ಹಾಕಿದ್ದನ್ನು ಸರಿ ಮಾಡಿ ಕಳಿಸಿದಳು.

ಆ ಮೂರು ವಾರಗಳಲ್ಲಿ ಒಂದು ದಿನ ನನಗೆ ಏನೂ ಕಟ್ಟಲು ಆಗಲಿಲ್ಲ. ಸುಸ್ತಾಗಿತ್ತು. ಮಧ್ಯಾಹ್ನ ಆದದ್ದನ್ನೇ ಬರೆದು ಹಾಕಿದೆ:

ಊಟಕ್ಕೆ ಇಂದು ಮರೆತು ನಾಲ್ಕು ಮಣೆ ಇಟ್ಟೆ.
ಯಾರೂ ಏನೂ ಹೇಳಲಿಲ್ಲ.
ನಾಲ್ಕನೆಯದರ ಮುಂದೆಯೂ ಎಲೆ ಹಾಕಿ
ಸುಮತಿ ಒಂದು ಹಪ್ಪಳ ಬಡಿಸಿದಳು.

ಇದು ಸಪ್ಪೆ ಎಂದುಕೊಂಡೇ ಕಳಿಸಿದೆ.

ಜೂನ್ ಮೊದಲ ವಾರ, ಪಡುವಣದ ಮೋಡ ಸಮುದ್ರದ ಮೇಲೆ ಕೂತು ಎರಡು ದಿನ ಆಗಿತ್ತು. ಬೆಳಗ್ಗಿನ ಟ್ರಿಪ್ಪು ಮುಗಿಸಿ ಬಂದ ಸಂಜೀವ ಬಸ್ಸನ್ನು ನಮ್ಮ ದಾರಿಯ ತುದಿಯಲ್ಲಿ ನಿಲ್ಲಿಸಿ, ಹಾರ್ನ್ ಹೊಡೆಸಿ, ಅಲ್ಲಿಂದಲೇ ಕೂಗಿದ: "ಮಾಸ್ಟ್ರೇ, ಹೆಣ್ಣು ಮಗು. ಇಬ್ಬರೂ ಹುಷಾರು." ಅವನ ಮಾತು ಮುಗಿಯುವ ಮೊದಲೇ ಮಳೆ ಬಂತು. ನಾವು ಮೂವರೂ ಅಂಗಳದಲ್ಲಿ ನೆನೆದೆವು, ಮಾಧವ ಪ್ಲಾಸ್ಟರಿನ ಕೈಗೆ ಅಡಿಕೆ ಹಾಳೆಯ ಮುಟ್ಟಾಳೆ ಮುಚ್ಚಿಕೊಂಡು.

ಬಿಡುಗಡೆಯ ದಿನ ಮಕ್ಕಳನ್ನೂ ಕರೆದುಕೊಂಡು ಹೋದೆ. ವಾರಿಜ ಮಗುವನ್ನು ಮಡಿಲಲ್ಲಿ ಇಟ್ಟುಕೊಂಡು ಆಸ್ಪತ್ರೆಯ ವರಾಂಡದ ಬೆಂಚಿನಲ್ಲಿ ಕೂತಿದ್ದಳು. ಮೆಟ್ಟಿಲು ಹತ್ತುವ ಮೊದಲು ನಾನು ಹೆಗಲಿನ ಬೈರಾಸು ಟವೆಲು ತೆಗೆದು ಮಾಧವನಿಗೆ ಹೊದಿಸಿದೆ, ಮಳೆಗೆ ಚಳಿ ಎನ್ನುವ ಹಾಗೆ.

"ಬೈರಾಸು ತೆಗಿ ಮಗ," ಎಂದಳು ವಾರಿಜ. "ಕೈ ನೋಡುವ."

ಅವನು ಕೈ ಹೊರಗೆ ತೆಗೆದ. ಅವಳು ಪ್ಲಾಸ್ಟರನ್ನು ಮೇಲಿಂದ ಕೆಳಗಿನವರೆಗೆ ಸವರಿ, ಅದರ ತುದಿಯಲ್ಲಿ ಹೊರಗಿದ್ದ ಬೆರಳುಗಳನ್ನು ಹಿಡಿದುಕೊಂಡಳು. ಅವತ್ತಿನವರೆಗೆ ಅಳದ ಹುಡುಗ ಅಮ್ಮನ ಹೆಗಲಿನಲ್ಲಿ ಮುಖ ಹುದುಗಿಸಿ ಅತ್ತ. ನಾನು ಕಂಬ ಹಿಡಿದು ನಿಂತಿದ್ದೆ.

"ಯಾರು ಹೇಳಿದ್ದು?" ಎಂದೆ.

"ನೀವೇ," ಎಂದಳು. "ನೀವು ಕಂಡದ್ದನ್ನು ಕಂಡ ಹಾಗೆ ಬರೆಯುವವರು. ಒಂದು ದಿನ ಇದ್ದಕ್ಕಿದ್ದಂತೆ ಗಾಳಿ ಮಾತಾಡ್ಲಿಕ್ಕೆ ಶುರು ಮಾಡಿತು. ಮನೆಯಲ್ಲಿ ಎಂತದೋ ಆಗಿದೆ ಅಂತ ಅವತ್ತೇ ಗೊತ್ತಾಯಿತು. ಮರುದಿನ ಮರಳಿನ ಮನೆ ಬಂತು, ಅಲೆ ಬಂತು. ನನ್ನ ಮಗ ಸಮುದ್ರದ ಪಾಲಾದ, ಇವರು ಹೇಳ್ತಾ ಇಲ್ಲ ಅಂತ ನಾನು ಎಣಿಸಿದ್ದು."

ಎರಡು ದಿನ ಅವಳು ಹಾಗೆ ಮಲಗಿದ್ದಳಂತೆ. ಮೂರನೆಯ ದಿನ ಸರಸಕ್ಕನನ್ನು ಸಂಜೀವನ ಹತ್ತಿರ ಕೇಳಲು ಕಳಿಸಿದಳು. ಬಸುರಿ ಹೆಂಗಸು ಕೇಳಿ ಕಳಿಸಿದಾಗ ಸುಳ್ಳು ಹೇಳಿದರೆ ತನ್ನ ನಾಲಗೆ ಉಳಿಯುವುದಿಲ್ಲ ಎಂದು ಅವನು ಎಲ್ಲ ಹೇಳಿಬಿಟ್ಟ.

"ಮತ್ತೆ ನನ್ನ ಹತ್ತಿರ ಯಾಕೆ ಹೇಳಲಿಲ್ಲ?"

"ಗೊತ್ತಾಯಿತು ಅಂತ ಹೇಳಿದರೆ ನೀವು ನಾಚಿಕೆಯಲ್ಲಿ ಬರೆಯುವುದನ್ನೇ ನಿಲ್ಲಿಸ್ತಿದ್ದಿರಿ. ಮಕ್ಕಳ ಸುದ್ದಿ ಬರುವ ದಾರಿ ಅದೊಂದೇ ಅಲ್ವಾ." ಮಗುವಿನ ಬಟ್ಟೆ ಸರಿ ಮಾಡುತ್ತಾ ಹೇಳಿದಳು, "ಕೈ ಮುರಿದಿದೆ ಅಂತ ಬರೆದಿದ್ದರೆ ನನಗೆ ಒಂದೇ ಹೆದರಿಕೆ ಇರ್ತಿತ್ತು. ಬರೆಯದ್ದಕ್ಕೆ ನೂರು ಬಂತು."

ಆಗ ನಾನು ಜಗಲಿಯ ವಿಷಯ ಹೇಳಿದೆ. ಎರಡು ಸಲ ಕರೆದದ್ದು, ತಡಿ ಎಂದದ್ದು, ಎಲ್ಲ. ಅವಳು ಬೈಯಲಿಲ್ಲ. ತಲೆದಿಂಬಿನ ಅಡಿಯಲ್ಲಿ ಇಟ್ಟಿದ್ದ ಕಾಗದಗಳನ್ನು ಚೀಲದಿಂದ ತೆಗೆದಳು. ಎರಡು ಕಟ್ಟು ಇತ್ತು. ದೊಡ್ಡದರಲ್ಲಿ ಮೇಣ, ಉಪ್ಪು, ಅಲೆಯ ಜಗಳ. ಅದರ ಮೇಲೆಯೇ, ನಾಲ್ಕು ಮಣೆಯದ್ದನ್ನೂ ಇಟ್ಟಿದ್ದಳು. ಇನ್ನೊಂದು ಕಟ್ಟನ್ನು ನನಗೆ ವಾಪಸು ಕೊಟ್ಟಳು.

"ಇವು ನಿಮ್ಮವು, ಇಟ್ಟುಕೊಳ್ಳಿ. ಇನ್ನು ನನಗೆ ಚಂದ ಮಾಡಿ ಹೇಳಬೇಡಿ."

ಆ ಮೇಲೆ ನಾನು ಪದ್ಯ ಬರೆಯಲಿಲ್ಲ. ಮಾಧವನ ಎಡಗೈ ಈಗಲೂ ಪೂರ್ತಿ ನೇರವಾಗುವುದಿಲ್ಲ. ಉಡುಪಿಯ ತನ್ನ ಎಲೆಕ್ಟ್ರಿಕ್ ಸಾಮಾನಿನ ಅಂಗಡಿಯಲ್ಲಿ ಅವನು ಮೇಲಿನ ಶೆಲ್ಫಿಗೆ ಬಲಗೈಯನ್ನೇ ಚಾಚುತ್ತಾನೆ. ಸುಮತಿ ಕನ್ನಡ ಪಂಡಿತೆಯಾದಳು. ನನ್ನ ಸಾಲುಗಳಿಗೆ ಅವಳು ಇವತ್ತಿಗೂ ಮಾರ್ಕು ಕೊಟ್ಟಿಲ್ಲ.

ಮಳೆಯ ಜೊತೆ ಹುಟ್ಟಿದ ಮಗಳು ಶಾಲಿನಿ. ಹಪ್ಪಳದ ತಟ್ಟೆ ತಂದು ನಮ್ಮ ನಡುವೆ ಇಟ್ಟು ಅವಳು ಹಳೆಯ ತಕರಾರನ್ನೇ ತೆಗೆದಳು. "ಅಕ್ಕನ ಮೇಲೆ ಉಂಟು, ಅಣ್ಣನ ಮೇಲೆ ಉಂಟು. ನನ್ನ ಮೇಲೆ ಮಾತ್ರ ಒಂದೂ ಪದ್ಯ ಇಲ್ಲ. ಇವತ್ತು ಬರೆಯದೆ ನಿಮಗೆ ಕಾಫಿ ಇಲ್ಲ."

ಮೊಮ್ಮಗಳ ನೋಟ್ ಪುಸ್ತಕದ ಹಾಳೆ ಹರಿದು ಕೊಟ್ಟಳು. ನಾನು ಬರೆದೆ. ಹೆಚ್ಚು ಹೊತ್ತು ಬೇಕಾಗಲಿಲ್ಲ.

ಎಣ್ಣೆಗೆ ಬಿದ್ದ ಹಪ್ಪಳ ಒಂದು ಗಳಿಗೆ ಸುಮ್ಮನಿರುತ್ತದೆ,
ಆಮೇಲೆ ಒಂದು ಬೇಸಗೆ ಇಡೀ ಅರಳುತ್ತದೆ.
ಮಗಳೇ, ಮಳೆ ತರಲು ಹೋದವಳು ನಿನ್ನಮ್ಮ,
ಬರುವಾಗ ನಿನ್ನನ್ನೂ ತಂದಳು.

ಶಾಲಿನಿ ಓದಿ ಕಣ್ಣು ಒರೆಸಿಕೊಂಡು ಕಾಫಿ ತರಲು ಒಳಗೆ ಹೋದಳು. ವಾರಿಜ ಕನ್ನಡಕ ಹಾಕಿಕೊಂಡು ಹಾಳೆ ಎತ್ತಿಕೊಂಡಳು. ಒಮ್ಮೆ ಓದಿದಳು. ಮತ್ತೊಮ್ಮೆ ಓದಿದಳು.

"ಚಂದ ಉಂಟು," ಎಂದಳು. ಹಾಳೆಯನ್ನು ಮಡಚಿ ಪಕ್ಕಕ್ಕಿಟ್ಟು, ಕನ್ನಡಕದ ಮೇಲಿನಿಂದ ನನ್ನನ್ನು ನೋಡಿದಳು. "ಎಂತ ಆಗಿದೆ, ಹೇಳಿ."

ಈ ಸಲ ಬೆಳಕಿಗೆ ಬೆನ್ನು ಹಾಕಲು ಹೋಗಲಿಲ್ಲ. ಕಿಸೆಯಿಂದ ಚೀಟಿ ತೆಗೆದು ಅವಳ ಕೈಯಲ್ಲಿ ಇಟ್ಟೆ. ಡಾಕ್ಟರರ ಅಕ್ಷರ ಅವಳಿಗೆ ಎಷ್ಟು ಅರ್ಥವಾಯಿತೋ ಗೊತ್ತಿಲ್ಲ, ಪದ್ಯದಷ್ಟೇ ನಿಧಾನವಾಗಿ ಓದಿದಳು. ತಟ್ಟೆಯಿಂದ ಒಂದು ಹಪ್ಪಳ ತೆಗೆದು ಎರಡು ಮಾಡಿ, ಅರ್ಧ ನನಗೆ ಕೊಟ್ಟಳು.

"ಸೋಮವಾರ ಮಣಿಪಾಲಕ್ಕೆ ಎಷ್ಟು ಗಂಟೆಯ ಬಸ್ಸಿಗೆ ಹೋಗುವ?" ಎಂದು ಕೇಳಿದಳು.